ಈಯುವ ಕಾಲದ ನಿದ್ದೆ

ಆಪ್ತಸಮಾಲೋಚನೆಗೆಂದು ಸುಮಾ ಮೊದಲ ಸಲ ವಿಡಿಯೋ ಕರೆಯಲ್ಲಿ ಬಂದಾಗ ಮೈಸೂರಿನಲ್ಲಿ ನನಗೆ ಗುರುವಾರ ಬೆಳಿಗ್ಗೆ ಒಂಬತ್ತೂವರೆ. ಕೆನಡಾದ ಆಲ್ಬರ್ಟಾದಲ್ಲಿ ಅವರಿಗೆ ಬುಧವಾರ ರಾತ್ರಿ ಒಂಬತ್ತು. ಮನೆಯೊಳಗಿದ್ದರೂ ಉಣ್ಣೆ ಟೋಪಿ, ದಪ್ಪ ಜಾಕೆಟ್ಟು ಮೈಮೇಲೇ ಇತ್ತು. "ತೆಗೆದ್ರೆ ಮತ್ತೆ ಹಾಕ್ಕೋಬೇಕು ಮೇಡಂ, ಹನ್ನೊಂದಕ್ಕೆ ಹೊರಗೆ ಹೋಗ್ಬೇಕಲ್ಲ" ಅಂದರು. (ಹೆಸರು ಮತ್ತು ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆಯಿದೆ.)

ವಯಸ್ಸು 34. ಹಾಸನ ಜಿಲ್ಲೆಯ ರೈತರ ಮನೆ ಮಗಳು. ಕೆಲಸಕ್ಕೆಂದು ಕ್ಯಾಲ್ಗರಿಗೆ ಹೋದವರು ಅಲ್ಲಿನವನನ್ನೇ ಮದುವೆಯಾಗಿ, ರಾಕಿ ಬೆಟ್ಟಗಳ ತಪ್ಪಲಿನಲ್ಲಿರುವ ಅವನ ಮನೆಯವರ ದನ ಸಾಕಣೆಯ ದೊಡ್ಡ ಜಮೀನಿಗೆ, ಅಂದರೆ ರ‍್ಯಾಂಚಿಗೆ ಸೇರಿದರು. ಮಾಂಸದ ತಳಿಯ 250 ತಾಯಿ ಹಸುಗಳು. ಆರು ವರ್ಷದ ಮಗಳು, ಮೂರು ವರ್ಷದ ಮಗ. ಅದೇ ಅಂಗಳದ ಇನ್ನೊಂದು ಮನೆಯಲ್ಲಿ ಅತ್ತೆ, ಮಾವ. ಮಗಳ ಮೇಲೆ ಸುಮ್ಮಸುಮ್ಮನೆ ಕೂಗಾಡುತ್ತೇನೆ, ಸ್ಕೂಲ್ ಬಸ್ಸು ಹೋದ ಮೇಲೆ ಸಿಂಕಿನ ಮುಂದೆ ನಿಂತು ಅಳುತ್ತೇನೆ, ನಾನು ಒಳ್ಳೆ ತಾಯಿಯಲ್ಲ ಅನ್ನುವುದು ಅವರು ಹೇಳಿಕೊಂಡ ಕಷ್ಟ.

ಅವರ ದಿನ ಹೇಗೆ ಕಳೆಯುತ್ತದೆಂದು ಕೇಳಿದೆ. ಮೇ ತಿಂಗಳಲ್ಲಿ ಹೋರಿ ಬಿಟ್ಟರೆ ಸುಮಾರು 283 ದಿನಕ್ಕೆ ಕರು. ಹಾಗಾಗಿ ಚಳಿ ಇನ್ನೂ ಕಚ್ಚುತ್ತಿರುವ ಫೆಬ್ರವರಿ ನಡುವಿಗೇ ಹಸುಗಳು ಈಯಲು ಶುರು. ಹಗಲೆಲ್ಲ ಕೊಡಲಿಯಿಂದ ನೀರಿನ ತೊಟ್ಟಿಯ ಮಂಜುಗಡ್ಡೆ ಒಡೆಯುವುದು, ಟ್ರ್ಯಾಕ್ಟರಿನಲ್ಲಿ ಒಣಹುಲ್ಲಿನ ದೊಡ್ಡ ಸುರುಳಿಗಳನ್ನು ಒಯ್ದು ಬಿಡಿಸುವುದು. ರಾತ್ರಿ ಚೊಚ್ಚಲ ಕಡಸುಗಳನ್ನು ಎರಡು ಮೂರು ಗಂಟೆಗೊಮ್ಮೆ ನೋಡಿ ಬರಬೇಕು. ಸೊನ್ನೆಗಿಂತ 30 ಡಿಗ್ರಿ ಕೆಳಗಿನ ಚಳಿಯಲ್ಲಿ ಒದ್ದೆ ಕರುವಿನ ಕಿವಿ, ಬಾಲದ ತುದಿ ಮರಗಟ್ಟಿಹೋಗುತ್ತವೆ. ಮೊದಲ ಕೆಲವು ಗಂಟೆಯೊಳಗೆ ಗಿಣ್ಣು ಹೊಟ್ಟೆಗೆ ಬೀಳದಿದ್ದರೆ ಕರು ಉಳಿಯುವುದೇ ಕಷ್ಟ. ಈ ರಾತ್ರಿಯ ಪಾಳಿ ಯಾವಾಗಿನಿಂದಲೋ ಸುಮಾ ಪಾಲಿಗೆ ಬಿದ್ದಿತ್ತು. ಯಾರೂ ಹೇಳಿರಲಿಲ್ಲ, ಅವರೂ ಕೇಳಿರಲಿಲ್ಲ.

"ರಾತ್ರಿ ಎರಡಕ್ಕೆ ಕೊಟ್ಟಿಗೇಲಿ ಇರುವಾಗ ಅವ್ವ ಫೋನ್ ಮಾಡ್ತಾಳೆ, ಅವಳಿಗೆ ಮಧ್ಯಾಹ್ನ ಎರಡೂವರೆ. ನಮ್ಮನೇಲಿ ಒಂದು ಹಸು ಈಯೋದಾದ್ರೂ ಪಕ್ಕದ ಮನೆಯೋರು ಬಂದು ನಿಲ್ತಿದ್ರಲ್ಲ ಮಗಾ, ಅಲ್ಲಿ ನಿನ್ ಜೊತೆ ಯಾರಿದ್ದಾರೆ ಅಂತಾಳೆ. ಏನು ಹೇಳ್ಲಿ?"

ನಾನು ಆಗ ಒಂದು ತಪ್ಪು ಮಾಡಿದೆ. ಆಳು ಇಟ್ಟುಕೊಳ್ಳಬಾರದೇ ಅಂದುಬಿಟ್ಟೆ. ಅವರು ಹತ್ತು ನಿಮಿಷ ಬರೀ ಹೂಂ, ಉಹೂಂ ಅಂದರು. ಆ ಚಳಿಗೆ, ಆ ಹೊತ್ತಿಗೆ, ಆ ದೂರಕ್ಕೆ ಬರುವವರು ಯಾರು? ಬಂದರೂ ಸಂಬಳ ಎಲ್ಲಿಂದ? ಮುಂದಿನ ವಾರ ಕ್ಷಮೆ ಕೇಳಿದೆ. ಆಗಲೇ ಕರುವಿನ ವಿಷಯ ಬಾಯಿಗೆ ಬಂತು.

ಒಂದು ರಾತ್ರಿ ಮೂರು ಗಂಟೆಯ ಅಲಾರಂ ಅವರಿಗೆ ಕೇಳಿಸಿರಲಿಲ್ಲ. ಐದಕ್ಕೆ ಎದ್ದು ಓಡಿದಾಗ ಕರು ಹಿಮದ ಮೇಲೆ ಬಿದ್ದಿತ್ತು. ಎಳೆದುಕೊಂಡು ಬಂದು ಚಪ್ಪಲಿ ಬಿಡುವ ಕೋಣೆಯಲ್ಲಿ ಹೀಟರಿನ ಮುಂದೆ ಮಲಗಿಸಿ, ಗೋಣಿತಟ್ಟಿನಲ್ಲಿ ಉಜ್ಜಿ, ಹೇರ್ ಡ್ರೈಯರ್ ಹಿಡಿದು ಕೂತರು. ಮಗಳು ನಿದ್ದೆಗಣ್ಣಲ್ಲೇ ಬಂದು ತನ್ನ ಸ್ವೆಟರ್ ಹೊದಿಸಿದಳು. ಆರೂವರೆಗೆ ಕರು ಹೋಯಿತು. ಮಾವ ಬಂದು ನೋಡಿ, ಅಂಗಿ ಜೇಬಿನಿಂದ ಚಿಕ್ಕ ಪುಸ್ತಕ ತೆಗೆದು, ಆ ಹಸುವಿನ ನಂಬರಿನ ಮುಂದೆ ಒಂದು ಗೆರೆ ಎಳೆದು ಮಾತಾಡದೆ ಹೊರಟರು. "ಬೈದಿದ್ರೆ ಚೆನ್ನಾಗಿತ್ತು ಮೇಡಂ."

ಆತ್ಮಹತ್ಯೆಯ ಯೋಚನೆ ಬಂದಿದೆಯೇ ಎಂದು ನೇರವಾಗಿಯೇ ಕೇಳಿದೆ. ರ‍್ಯಾಂಚಿನ ಮನೆಗಳಲ್ಲಿ ಬಂದೂಕು ಇರುತ್ತದೆ, ಕೇಳದೆ ಬಿಡುವಂತಿಲ್ಲ. ಇಲ್ಲ ಅಂದರು. ಆದರೂ ಬಂದೂಕಿನ ಬೀರುವಿನ ಬೀಗದ ಕೈ ಗಂಡನ ಹತ್ತಿರವೇ ಇರಲಿ ಎಂದೆ. ಕೆನಡಾದ 988 ಸಹಾಯವಾಣಿಯ ನಂಬರನ್ನು ಫೋನಿನಲ್ಲಿ ಉಳಿಸಿಕೊಳ್ಳಲು ಹೇಳಿದೆ. (ಕರ್ನಾಟಕದಲ್ಲಿ ಇಂಥ ಹೊತ್ತಿಗೆ ಟೆಲಿ ಮಾನಸ್ ಇದೆ, 14416.) ಅಳು, ಬೇಸರ ಎರಡು ವಾರ ದಾಟಿದ್ದರಿಂದ ಅವರ ಊರಿನ ವೈದ್ಯರ ಹತ್ತಿರ ಹೋಗಿ ಖಿನ್ನತೆಯ ಪರೀಕ್ಷೆಯ ಜೊತೆಗೆ ರಕ್ತಹೀನತೆ, ಥೈರಾಯ್ಡ್ ನೋಡಿಸಿಕೊಳ್ಳಿ ಎಂದೆ.

ಉಳಿದದ್ದು ನಿದ್ದೆಯ ಲೆಕ್ಕ. ಏಳು ದಿನ ಮಲಗಿದ್ದು, ಎದ್ದದ್ದು ಬರೆಯಲು ಹೇಳಿದ್ದೆ. ಯಾವ ರಾತ್ರಿಯೂ ಒಟ್ಟು ನಾಲ್ಕು ಗಂಟೆ ದಾಟಿರಲಿಲ್ಲ, ಅದೂ ತುಂಡು ತುಂಡು. ನಿಮ್ಮ ತಾಯ್ತನವನ್ನು ಈ ಚೀಟಿ ನೋಡದೆ ಅಳೆಯಬೇಡಿ ಎಂದೆ. ಮೂರನೆಯ ಸಲ ಗಂಡನನ್ನೂ ಕೂರಿಸಿಕೊಂಡೆವು. ಆತ ಚೀಟಿಯನ್ನು ಎರಡು ಸಲ ನೋಡಿದರು. ಗಂಡಸರು ಅನೇಕರು ಇಂಥಲ್ಲಿ ವಾದಕ್ಕೆ ಇಳಿಯುತ್ತಾರೆ, ಈತ ಇಳಿಯಲಿಲ್ಲ. ರಾತ್ರಿ ಒಂಬತ್ತರಿಂದ ಎರಡರವರೆಗೆ ಒಬ್ಬರು, ಎರಡರಿಂದ ಏಳರವರೆಗೆ ಇನ್ನೊಬ್ಬರು ಮಲಗಬೇಕು, ಮಲಗಿದವರನ್ನು ಕರು ಎಳೆಯಲು ಎರಡನೇ ಕೈ ಬೇಕಾದರಷ್ಟೇ ಎಬ್ಬಿಸಬೇಕು ಎಂದು ಗೊತ್ತುಮಾಡಿದೆವು. ವಾರಕ್ಕೆರಡು ರಾತ್ರಿ ಸುಮಾಗೆ ಪೂರ್ತಿ ಬಿಡುವು.

ಅಷ್ಟೊಂದು ಹಸುಗಳು ರಾತ್ರಿಯೇ ಈಯಬೇಕೇ ಎಂದು ನಾನು ತಿಳಿಯದೆ ಕೇಳಿದ್ದಕ್ಕೆ ಗಂಡ ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದ ಕೊನೆಫಾಲ್ ಎಂಬ ರೈತರೊಬ್ಬರ ಪದ್ಧತಿ ನೆನಪಿಸಿಕೊಂಡರು. ಮೇವನ್ನು ಬೆಳಿಗ್ಗೆಯ ಬದಲು ಸಂಜೆ ಅಥವಾ ರಾತ್ರಿ ಹಾಕಿದರೆ ಹೆಚ್ಚು ಹಸುಗಳು ಹಗಲಲ್ಲಿ ಈಯುತ್ತವಂತೆ. "ಅಪ್ಪ ಯಾವಾಗಲೂ ಬೆಳಿಗ್ಗೆಯೇ ಹಾಕೋದು, ಹಾಗಾಗಿ ಯಾರೂ ಬದಲಿಸಲಿಲ್ಲ" ಎಂದು ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಸುಮಾ ನನಗೆ ಕನ್ನಡದಲ್ಲಿ ಇನ್ನೊಮ್ಮೆ ಹೇಳಿದರು, ಕೊನೆಯ ಮಾತನ್ನು ತುಸು ಒತ್ತಿ. ಕಡಸುಗಳಿಗಷ್ಟೇ ಸಂಜೆ ಮೇವು ಶುರುಮಾಡಿದ್ದಾರೆ. ರಾತ್ರಿಯ ಸುತ್ತು ತಪ್ಪಿಲ್ಲ, ಕಡಿಮೆಯಾಗಿದೆ.

ಮಾವನ ಮೌನದ ಅರ್ಥವನ್ನು ನೀವೇ ಬರೆದುಕೊಳ್ಳಬೇಡಿ, ಹೋಗಿ ಕೇಳಿ ಎಂದಿದ್ದೆ. ಸುಮಾಗೆ ಧೈರ್ಯ ಬರಲು ಮೂರು ವಾರ ಹಿಡಿಯಿತು. ಕೇಳಿದಾಗ ಮಾವ ಉತ್ತರಿಸಲಿಲ್ಲ. ಅತ್ತೆ ಒಳಗಿನಿಂದ ಹಳೆಯ ಪುಸ್ತಕಗಳ ಒಂದು ಡಬ್ಬ ತಂದು ಮೇಜಿನ ಮೇಲಿಟ್ಟರು. ಹಗಲು ಹುಟ್ಟಿದ ಕರುಗಳು ಮಾವನ ಕೈಬರಹದಲ್ಲಿ. ರಾತ್ರಿಯವು, ಪುಟಪುಟವೂ ಅತ್ತೆಯ ಕೈಬರಹದಲ್ಲಿ. ಗೆರೆ ಎಳೆದವೂ ಇದ್ದವು. ಒಂದೊಂದನ್ನೂ ಬೆರಳಿಟ್ಟು ತೋರಿಸಿ, ಆ ರಾತ್ರಿ ಏನಾಯಿತೆಂದು ಅತ್ತೆ ಹೇಳುತ್ತ ಹೋದರಂತೆ. ಮಾವ ಎದ್ದು ಹೋಗಲಿಲ್ಲ, ಕೂತು ಕೇಳಿದರು.

ಮುಂದಿನ ಗುರುವಾರ ರ‍್ಯಾಂಚಿನ ಆದಾಯದಲ್ಲಿ ಸುಮಾ ಪಾಲಿನ ಮಾತು ಎತ್ತಬೇಕಿದೆ. ಅದಕ್ಕೆ ಅತ್ತೆಯೂ ಕೂರುತ್ತೇನೆ ಅಂದಿದ್ದಾರೆ.