ಹುಲ್ಲುಹಾಸಿನ ಕಳೆ ಕೀಳಬೇಕೆ, ಚಿಟ್ಟೆಗೆ ಬಿಡಬೇಕೆ?

ಪ್ರಶ್ನೆ: ಮನೆ ಮುಂದೆ ಪುಟ್ಟ ಹುಲ್ಲುಹಾಸಿದೆ. ಮಳೆ ಬಿದ್ದ ಮೇಲೆ ಅದರಲ್ಲಿ ಪುಲ್ಲಂಪುರಚಿ, ಗೋಣಿಸೊಪ್ಪು, ತುಂಬೆ ಎದ್ದಿವೆ. ಮಾಲಿ ಕಳೆನಾಶಕ ಹೊಡೆಯೋಣ ಎನ್ನುತ್ತಾರೆ. ಚಿಟ್ಟೆಗಳಿಗಾಗಿ ಬಿಡೋಣವೆಂದರೆ ಅತ್ತೆಗೆ ಹಾವಿನ ಭಯ. ಏನು ಮಾಡಲಿ?
– ಓದುಗರೊಬ್ಬರು, ಮೈಸೂರು

ಉತ್ತರ: ದಯವಿಟ್ಟು ಕಳೆನಾಶಕ ಬೇಡ. ಚಿಟ್ಟೆ ಬರಲೆಂದು ನಾವು ಹೂಗಿಡ ತಂದು ನೆಡುತ್ತೇವೆ. ಆದರೆ ಮಕರಂದ ಬೇಕಿರುವುದು ರೆಕ್ಕೆ ಬಂದ ಚಿಟ್ಟೆಗೆ. ಅದರ ಮರಿಹುಳುವಿಗೆ ಬೇಕಾದದ್ದು ಎಲೆ, ಅದೂ ತನಗೆ ಒಗ್ಗುವ ಗಿಡದ್ದೇ. ಪುಲ್ಲಂಪುರಚಿಯ ಹುಳಿ ಎಲೆ ತಿಂದು ಬೆಳೆಯುವುದು ಪೇಲ್ ಗ್ರಾಸ್ ಬ್ಲೂ ಎಂಬ ಪುಟಾಣಿ ನೀಲಿ ಚಿಟ್ಟೆ. ಅದು ಹುಲ್ಲಿಗೆ ತಾಗಿದಂತೆಯೇ ಹಾರುತ್ತದೆ. ಬೆಳಿಗ್ಗೆ ಬಿಸಿಲೇರಿದ ಮೇಲೆ ಕುಳಿತು ನೋಡಿ.

ಗೋಣಿಸೊಪ್ಪು ನನಗೆ ಇನ್ನೂ ಇಷ್ಟ. ಡನಾಯ್ಡ್ ಎಗ್‌ಫ್ಲೈ ಚಿಟ್ಟೆಯ ಮರಿಗಳಿಗೆ ಅದು ಊಟ. ಗಂಡು ಕಪ್ಪು, ರೆಕ್ಕೆಯ ಮೇಲೆ ದೊಡ್ಡ ಬಿಳಿ ಮಚ್ಚೆಗಳು. ಹೆಣ್ಣು ಮಾತ್ರ ಕಿತ್ತಳೆ ಬಣ್ಣ, ಥೇಟ್ ಪ್ಲೇನ್ ಟೈಗರ್ ಚಿಟ್ಟೆಯಂತೆ. ಪ್ಲೇನ್ ಟೈಗರ್ ಮರಿಯಾಗಿದ್ದಾಗ ಎಕ್ಕದ ಎಲೆ ತಿಂದು ಅದರ ವಿಷವನ್ನು ಮೈಗೂಡಿಸಿಕೊಳ್ಳುವುದರಿಂದ ಹಕ್ಕಿಗಳಿಗೆ ರುಚಿಸುವುದಿಲ್ಲ. ವಿಷವಿಲ್ಲದ ಎಗ್‌ಫ್ಲೈ ಆ ವೇಷ ತೊಟ್ಟು ಜೀವ ಉಳಿಸಿಕೊಳ್ಳುತ್ತದೆ! ಕಾಂಪೌಂಡಿನ ಮೂಲೆಯಲ್ಲೊಂದು ಎಕ್ಕ ಎದ್ದರೆ ಬಿಡಿ, ಇಬ್ಬರನ್ನೂ ಅಂಗಳದಲ್ಲೇ ನೋಡಬಹುದು. ಎಕ್ಕದ ಹಾಲು ಕಣ್ಣಿಗೆ ಅಪಾಯ, ಮಕ್ಕಳಿದ್ದರೆ ಹೇಳಿಡಿ.

ತುಂಬೆ ಹೂವಿನಲ್ಲಿ ಮಕರಂದವಿದೆ, ಇರಲಿ. ಪಾರ್ಥೇನಿಯಂ ಮಾತ್ರ ಬೇಡ. ಅದು ಹೊರಗಿನಿಂದ ಬಂದದ್ದು, ಚರ್ಮಕ್ಕೂ ಆಗದು. ಹೂ ಬಿಡುವ ಮೊದಲೇ ಕೈಗವಸು ಹಾಕಿ ಬೇರುಸಮೇತ ಕೀಳಿ.

ಅತ್ತೆಯವರ ಭಯವನ್ನು ತಳ್ಳಿಹಾಕಬೇಡಿ. ಬಾಗಿಲಿನಿಂದ ಗೇಟಿನವರೆಗೆ, ಗೋಡೆಯ ಪಕ್ಕದಲ್ಲಿ ಒಂದು ಮಾರು ಅಗಲ ಹುಲ್ಲನ್ನು ಗಿಡ್ಡವಾಗಿಯೇ ಇಡಿ. ಇಲಿ, ಕಪ್ಪೆ ಅಡಗುವ ಇಟ್ಟಿಗೆ ರಾಶಿ, ಒಡೆದ ಕುಂಡಗಳನ್ನು ತೆಗೆಸಿ. ಉಳಿದ ಜಾಗದಲ್ಲಿ ಈಗ ಅರ್ಧ ಕತ್ತರಿಸಿ, ಮೂರ್ನಾಲ್ಕು ವಾರ ಬಿಟ್ಟು ಇನ್ನರ್ಧ. ಒಂದೇ ದಿನ ಎಲ್ಲ ಸವರಿದರೆ ಮೊಟ್ಟೆ, ಮರಿ, ಕೋಶ ಎಲ್ಲವೂ ಹುಲ್ಲಿನ ಜೊತೆ ಕಸಕ್ಕೆ ಹೋಗುತ್ತವೆ.

ಎಲೆಯಲ್ಲಿ ತೂತು ಕಂಡ ಕೂಡಲೇ ಔಷಧಿ ಹೊಡೆಯಬೇಡಿ. ಕರಿಬೇವಿನ ಗಿಡವಿದ್ದರೆ ಅದನ್ನೂ ನೋಡುತ್ತಿರಿ: ಎಲೆಯ ಮೇಲೆ ಹಕ್ಕಿ ಹಿಕ್ಕೆಯಂತೆ ಕಾಣುವುದು ಕಾಮನ್ ಮಾರ್ಮನ್ ಚಿಟ್ಟೆಯ ಮರಿಯಿರಬಹುದು.