ಗಂಜಿಯಲ್ಲಿ ಅಂಥದ್ದೇನಿದೆ?

ಪತ್ರ: ನಿಮ್ಮ ಪತ್ರಿಕೆಯಲ್ಲಿ ತಿಂಗಳು ತಿಂಗಳೂ ಮನೆಯಡುಗೆಯ ನೆನಪಿನ ಅಂಕಣ ಬರುತ್ತದೆ. ಓದಿ ಓದಿ ಸಾಕಾಗಿದೆ. ಬೇಸರವಾದಾಗ ಇಷ್ಟದ ತಿನಿಸು ತಿಂದರೂ ಒಂದೇ, ತಿನ್ನದಿದ್ದರೂ ಒಂದೇ ಅಂತ 2014ರ ಅಧ್ಯಯನವೊಂದು ಹೇಳಿದೆ. ಈ ಭಾವುಕತೆಯ ಹೆಸರಲ್ಲೇ ನಮ್ಮಮ್ಮ ಜೀವಮಾನವಿಡೀ ಒಲೆ ಮುಂದೆ ನಿಂತರು. ನಾನು ಹೊರಗಿನಿಂದ ತರಿಸಿಕೊಂಡು ತಿನ್ನುತ್ತೇನೆ, ಆರಾಮಾಗಿದ್ದೇನೆ. ಜ್ವರ ಬಂದಾಗ ಅಮ್ಮ ಮಾಡುತ್ತಿದ್ದಂಥ ಗಂಜಿ ಎಲ್ಲೂ ಸಿಕ್ಕಿಲ್ಲ, ಆ ಮಾತು ಬೇರೆ. ದಯವಿಟ್ಟು ಈ ಅಂಕಣ ನಿಲ್ಲಿಸಿ.
— ಒಬ್ಬ ಓದುಗ

ಸಂಪಾದಕರ ಉತ್ತರ: ಪತ್ರ ಚೆನ್ನಾಗಿ ಬರೆದಿದ್ದೀರಿ. ಸಿಟ್ಟಿದೆ, ಒರಟುತನವಿಲ್ಲ. ಅಮ್ಮನ ಬಗ್ಗೆ ನೀವು ಹೇಳಿದ್ದು ನಿಜ. ಮನೆ ಊಟವನ್ನು ಬಾಯ್ತುಂಬ ಹೊಗಳುತ್ತಾ ಅಡುಗೆಯನ್ನೆಲ್ಲ ಒಬ್ಬಳ ತಲೆಗೆ ಕಟ್ಟಿದ ಮನೆಗಳು ಬೇಕಾದಷ್ಟಿವೆ. ಅದು ತಪ್ಪು, ಎರಡು ಮಾತಿಲ್ಲ. ಆದರೆ ಆ ತಪ್ಪಿಗೆ ಅಡುಗೆಯನ್ನು ಯಾಕೆ ಬೈಯಬೇಕು? ಕರೆದಾಗ ಮಾತ್ರ ಬಂದು ತಟ್ಟೆ ಮುಂದೆ ಕೂತವರನ್ನು ಬೈಯಿರಿ.

'ಆ ಮಾತು ಬೇರೆ' ಅಂತ ನೀವು ಬದಿಗೆ ಸರಿಸಿದ್ದೀರಲ್ಲ, ಇಡೀ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಸಾಲೇ. ಗಂಜಿಯಲ್ಲಿ ಅಂಥದ್ದೇನಿದೆ? ಅಕ್ಕಿ, ನೀರು, ಚಿಟಿಕೆ ಉಪ್ಪು. ಯಾರು ಬೇಕಾದರೂ ಮಾಡಬಹುದು. ಆದರೂ ನಿಮಗೆ ಸಿಕ್ಕಿಲ್ಲ. ಜ್ವರದಲ್ಲಿ ಕಹಿಯಾದ ನಿಮ್ಮ ಬಾಯಿಗೆ ಉಪ್ಪು ಎಷ್ಟು ಹಿಡಿಸುತ್ತದೆ ಅಂತ ಅಮ್ಮನಿಗೆ ಗೊತ್ತಿತ್ತು. ಒಂದು ಅಗುಳನ್ನು ಬೆರಳಲ್ಲಿ ಹಿಸುಕಿ ನೋಡಿ, ಇನ್ನೂ ಸ್ವಲ್ಪ ಬೇಯಲಿ ಅಂತ ಬಿಟ್ಟಿರುತ್ತಾರೆ. ಮೇಲೆ ಕಟ್ಟಿದ ಕೆನೆಯನ್ನು ಚಮಚದಲ್ಲಿ ಸರಿಸಿ, ಬಟ್ಟಲಿನ ಅಂಚಿನಲ್ಲಿ ಬೇಗ ಆರಿದ ಗಂಜಿಯನ್ನೇ ಮೊದಲು ಕೊಟ್ಟಿರುತ್ತಾರೆ. ಅಷ್ಟು ಹೊತ್ತೂ ಅವರ ಗಮನ ನಿಮ್ಮ ಮೇಲಿತ್ತು. ನೀವು ಹುಡುಕುತ್ತಿರುವುದು ಆ ಗಮನವನ್ನು. ಅದನ್ನು ಪೊಟ್ಟಣ ಕಟ್ಟಿ ಕಳಿಸಲು ಯಾರಿಗಾದರೂ ಆಗುತ್ತಾ?

ನೀವು ಹೇಳಿದ ಅಧ್ಯಯನ ನಾನೂ ಓದಿದ್ದೇನೆ. ಮನಸ್ಸು ಕೆಡಿಸುವ ಸಿನಿಮಾ ದೃಶ್ಯ ತೋರಿಸಿದರು. ಒಮ್ಮೆ ಇಷ್ಟದ ತಿನಿಸು ಕೊಟ್ಟರು, ಇನ್ನೊಮ್ಮೆ ಬೇರೆ ಏನೋ ಕೊಟ್ಟರು ಇಲ್ಲವೇ ಏನೂ ಕೊಡಲಿಲ್ಲ. ಸ್ವಲ್ಪ ಹೊತ್ತಿಗೆ ಮನಸ್ಸು ಹೆಚ್ಚುಕಮ್ಮಿ ಒಂದೇ ಥರ ತಿಳಿಯಾಯಿತು. ಆಗಲಿ. ಪ್ರಯೋಗಾಲಯದಲ್ಲಿ ಯಾರೋ ತಂದಿಟ್ಟದ್ದನ್ನು ತಿಂದರೆ ಅಷ್ಟೇ ಆಗುವುದು. 2011ರಲ್ಲಿ ಜೋರ್ಡನ್ ಟ್ರೋಯಿಸಿ ಮತ್ತು ಶೀರಾ ಗೇಬ್ರಿಯಲ್ ಮಾಡಿದ ಅಧ್ಯಯನವನ್ನೂ ಓದಿ. ಆಪ್ತರ ಜೊತೆ ಆದ ಜಗಳವನ್ನು ನೆನೆಸಿಕೊಂಡವರಿಗೆ, ಮನಸ್ಸಿಗೆ ಹತ್ತಿರವಾದ ಊಟದ ಬಗ್ಗೆ ಬರೆಯಲು ಹೇಳಿದರು. ತುತ್ತು ಅನ್ನವನ್ನೂ ಬಡಿಸಲಿಲ್ಲ. ತನ್ನವರ ಮೇಲೆ ಭರವಸೆ ಇದ್ದವರಿಗೆ ಬರೆದಷ್ಟಕ್ಕೇ ಒಂಟಿತನ ಕಡಿಮೆಯಾಯಿತು. ನಿಮ್ಮ ಅಧ್ಯಯನ ಅಳೆದದ್ದು ಬೇಸರವನ್ನು, ಇವರು ಅಳೆದದ್ದು ಒಂಟಿತನವನ್ನು. ಎರಡೂ ಒಂದೇ ಅಲ್ಲ, ಅಲ್ವಾ?

ಈ ನಂಟು ಹುಟ್ಟುವ ಮೊದಲೇ ಶುರುವಾಗುತ್ತದೆ. ಜೂಲಿ ಮೆನೆಲ್ಲಾ ಮತ್ತು ಸಂಗಡಿಗರು 2001ರಲ್ಲಿ ಇದನ್ನು ತೋರಿಸಿಕೊಟ್ಟರು. ಬಸುರಿಯಾಗಿದ್ದಾಗ ಕೊನೆಯ ತಿಂಗಳುಗಳಲ್ಲಿ ಕ್ಯಾರೆಟ್ ರಸ ಕುಡಿದ ತಾಯಂದಿರ ಮಕ್ಕಳು, ಮುಂದೆ ಕ್ಯಾರೆಟ್ ರುಚಿಯ ಆಹಾರ ಕೊಟ್ಟಾಗ ಮುಖ ಸಿಂಡರಿಸಿದ್ದು ಕಡಿಮೆ.

ತೆರೆಜಿನ್ ಶಿಬಿರದ ಹೆಂಗಸರ ವಿಷಯ ಕೇಳಿದ್ದೀರಾ? ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ನಾಜಿಗಳು ಅವರನ್ನು ಅಲ್ಲಿ ಕೂಡಿಹಾಕಿದ್ದರು. ಹೊಟ್ಟೆಗೆ ಸರಿಯಾಗಿ ಏನೂ ಇಲ್ಲ. ಮೀನಾ ಪೆಖ್ಟರ್ ಮತ್ತು ಜೊತೆಗಿದ್ದವರು ತಮ್ಮ ಮನೆಯಲ್ಲಿ ಮಾಡುತ್ತಿದ್ದ ಅಡುಗೆಗಳನ್ನು ಒಂದೊಂದಾಗಿ ನೆನೆಸಿಕೊಂಡು ಬರೆದಿಟ್ಟರು. 1944ರಲ್ಲಿ ಮೀನಾ ಅಲ್ಲೇ ತೀರಿಕೊಂಡರು. ಮಗಳಿಗೆ ತಲುಪಿಸಿ ಅಂತ ಕೊಟ್ಟುಹೋದ ಆ ಹಾಳೆಗಳು ಕೈಯಿಂದ ಕೈಗೆ ದಾಟಿ, ಸುಮಾರು 25 ವರ್ಷದ ಮೇಲೆ ನ್ಯೂಯಾರ್ಕಿನಲ್ಲಿದ್ದ ಮಗಳ ಕೈ ಸೇರಿದವು. ಸಾಯುವ ತಾಯಿ ಮಗಳಿಗೆ ಅಡುಗೆ ಮಾಡುವ ಬಗೆಯನ್ನು ಬಿಟ್ಟುಹೋಗುತ್ತಾಳೆ ಅಂದರೆ, ಇದನ್ನು ಬರೀ ಭಾವುಕತೆ ಅಂತ ತಳ್ಳಿಹಾಕಲು ನನ್ನಿಂದಾಗದು.

ನಮ್ಮ ಕಚೇರಿಗೂ ಇಂಥ ಕಾಗದಗಳು ಬರುತ್ತವೆ. ಅಮ್ಮನನ್ನೋ ಅಜ್ಜಿಯನ್ನೋ ಕಳೆದುಕೊಂಡವರು ಅವರು ಮಾಡುತ್ತಿದ್ದ ಒಂದು ಅಡುಗೆಯ ಅಳತೆ ಕೇಳುತ್ತಾರೆ. ಏನು ಹೇಳುವುದು? ಅವರು ಹಾಕುತ್ತಿದ್ದದ್ದು ಕೈ ಅಂದಾಜಿನಲ್ಲಿ. ಇದ್ದಾಗ ಪಕ್ಕದಲ್ಲಿ ನಿಂತು ನೋಡಲು ಇವರಿಗೆ ಪುರುಸೊತ್ತಿರಲಿಲ್ಲ.

ಪುರುಸೊತ್ತು ಅಂದಾಗ ನನಗೂ ಸಿಟ್ಟು ಬರುತ್ತದೆ. ಬೆಳಗ್ಗೆ ಹೋದವರನ್ನು ರಾತ್ರಿವರೆಗೆ ದುಡಿಸುತ್ತಾರೆ. ಮನೆಗೆ ಬಂದ ಮೇಲೂ ಫೋನು ಬಿಡುವುದಿಲ್ಲ. ಒಲೆ ಹಚ್ಚುವ ತ್ರಾಣ ಎಲ್ಲಿಂದ ಬರಬೇಕು? ಆಮೇಲೆ ಅದೇ ಜನರಿಗೆ 'ಅಮ್ಮನ ಕೈರುಚಿ' ಅಂತ ಅಚ್ಚು ಹಾಕಿದ ಪೊಟ್ಟಣ ಮಾರುತ್ತಾರೆ. ಊಟಕ್ಕೆ ಕೂತರೆ ಪ್ರೋಟೀನು ಎಷ್ಟು, ಕ್ಯಾಲೊರಿ ಎಷ್ಟು ಅನ್ನುವ ಲೆಕ್ಕ ಬೇರೆ. ಕಾಯಿಲೆ ಬಿದ್ದವರ ಹತ್ತಿರ ಎರಡು ದಿನ ಕೂರುತ್ತೇನೆ ಅಂತ ರಜೆ ಕೇಳಿದರೆ ಮುಖ ಗಂಟಿಕ್ಕುತ್ತಾರೆ. ನೀವು ಸಿಟ್ಟು ಮಾಡಿಕೊಳ್ಳಬೇಕಾದದ್ದು ಇವರ ಮೇಲೆ. ಸುಮ್ನೆ ಒಂದು ಅಂಕಣದ ಮೇಲೆ ಹರಿಹಾಯ್ದಿದ್ದೀರಿ.

ಅಂಕಣ ನಿಲ್ಲಿಸುವುದಿಲ್ಲ. ಮುಂದಿನ ಸಂಚಿಕೆಯಿಂದ ಅದಕ್ಕೆ ಒಂದು ಪುಟ ಜಾಸ್ತಿ ಕೊಡುತ್ತಿದ್ದೇವೆ. ಆ ಪುಟ ಮನೆಯವರಿಗಾಗಿ ದಿನಾ ಅಡುಗೆ ಮಾಡುವ ಗಂಡಸರಿಗೆ ಮೀಸಲು.