ಎಸ್‌ಯುವಿಗೆ ಟ್ರೈಲರ್ ಕನೆಕ್ಟರ್ ಹಾಕುವಾಗ ಟೈಲ್ ಲೈಟ್ ವೈರ್‌ಗಳಿಗೇ ನೇರವಾಗಿ ಜೋಡಿಸಬಹುದೇ?

ಈಗಿನ ಗಾಡಿಗಳಲ್ಲಿ ಬೇಡ. ಉತ್ತರ ಅಮೆರಿಕದ ಚಪ್ಪಟೆ 4 ಪಿನ್ ಕನೆಕ್ಟರ್‌ನಲ್ಲಿ ಬಿಳಿ ಗ್ರೌಂಡ್ (ಕರೆಂಟ್ ವಾಪಸಾಗುವ ದಾರಿ), ಕಂದು ಟೈಲ್ ಲೈಟ್, ಹಳದಿ ಎಡ ಇಂಡಿಕೇಟರ್ ಮತ್ತು ಬ್ರೇಕ್, ಹಸಿರು ಬಲದ್ದು. ಅಂದರೆ ಇಂಡಿಕೇಟರ್, ಬ್ರೇಕ್ ಎರಡಕ್ಕೂ ಒಂದೇ ವೈರ್. ನಿಮ್ಮ ಗಾಡಿಯಲ್ಲಿ ಅವೆರಡಕ್ಕೂ ಬೇರೆ ಬೇರೆ ಬಲ್ಬ್ ಇದ್ದರೆ ಸಿಗ್ನಲ್ ಒಂದುಗೂಡಿಸುವ ಕನ್ವರ್ಟರ್ ಬೇಕೇ ಬೇಕು. ಎಲ್‌ಇಡಿ ದೀಪಗಳಿದ್ದರೆ, ಅಥವಾ ದೀಪಗಳನ್ನು ಕಂಪ್ಯೂಟರ್ ನಿಯಂತ್ರಿಸುತ್ತಿದ್ದರೆ, ಬ್ಯಾಟರಿಯಿಂದಲೇ ಕರೆಂಟ್ ಪಡೆಯುವ ಕನ್ವರ್ಟರ್ ತೆಗೆದುಕೊಳ್ಳಿ. ಇಲ್ಲವಾದರೆ ಟ್ರೈಲರ್‌ನ ಹೊರೆಯೆಲ್ಲ ಗಾಡಿಯ ದೀಪ ನಿಯಂತ್ರಿಸುವ ಮಾಡ್ಯೂಲ್ ಮೇಲೆ ಬಿದ್ದು ಅದು ಸುಡಬಹುದು. ಆ ಮಾಡ್ಯೂಲ್ ಬದಲಿಸುವ ಖರ್ಚಿನ ಮುಂದೆ ಕನ್ವರ್ಟರ್ ಬೆಲೆ ಏನೇನೂ ಅಲ್ಲ. ನಿಮ್ಮ ಮಾಡೆಲ್‌ಗೇ ಮಾಡಿದ ಟಿ-ಹಾರ್ನೆಸ್ (ಗಾಡಿಯ ಟೈಲ್ ಲೈಟ್ ಪ್ಲಗ್‌ಗಳ ನಡುವೆ ಸಿಕ್ಕಿಸುವ ವೈರ್ ಜೋಡಣೆ) ಸಿಕ್ಕರೆ ವೈರ್ ಕತ್ತರಿಸುವ ತಾಪತ್ರಯವೇ ಇಲ್ಲ.

ಬ್ಯಾಟರಿಯ ನೆಗೆಟಿವ್ ಕಳಚಿ ಕೆಲಸ ಶುರು ಮಾಡಿ. ಪವರ್ ವೈರ್‌ಗೆ ಕಿಟ್‌ನಲ್ಲಿ ಹೇಳಿರುವಷ್ಟೇ ಆಂಪಿಯರ್‌ನ ಫ್ಯೂಸ್ ಹೋಲ್ಡರ್ ಬ್ಯಾಟರಿಯ ಹತ್ತಿರವೇ ಇರಲಿ. ಫ್ಯೂಸ್ ಮಾತ್ರ ಎಲ್ಲ ಜೋಡಣೆ ಮುಗಿದ ಮೇಲೆ ಹಾಕಿ.

ಹೆಚ್ಚಿನವರು ಎಡವುವುದು ಗ್ರೌಂಡ್‌ನಲ್ಲಿ. ಬಣ್ಣ ಕೆರೆದು, ಹೊಳೆಯುವ ಲೋಹಕ್ಕೆ ರಿಂಗ್ ಟರ್ಮಿನಲ್ ಬಿಗಿದು, ಮೇಲೆ ತುಕ್ಕು ತಡೆಯುವ ಲೇಪ ಹಚ್ಚಿ. ಇಂಡಿಕೇಟರ್ ಹಾಕಿದಾಗ ಟ್ರೈಲರ್‌ನ ಉಳಿದ ದೀಪಗಳೂ ಮಿನುಗಿದರೆ ಅಥವಾ ಮಂಕಾದರೆ ಮೊದಲು ಬಿಳಿ ವೈರ್ ನೋಡಿ, ಟ್ರೈಲರ್ ಕಡೆಯದನ್ನೂ ಸೇರಿಸಿ. ಟ್ರೈಲರ್ ಕೂರಿಸುವ ಹಿಚ್ ಬಾಲ್ ಮೂಲಕವೇ ಗ್ರೌಂಡ್ ಆಗುತ್ತದೆ ಎಂದು ನಂಬಬೇಡಿ. ಗ್ರೀಸ್, ತುಕ್ಕು ಅದನ್ನು ಕೆಡಿಸುತ್ತವೆ.

ಪ್ಯಾನಲ್ ಮುಚ್ಚುವ ಮೊದಲೇ ಟೆಸ್ಟ್ ಲ್ಯಾಂಪ್‌ನಿಂದ ಪ್ರತಿ ಪಿನ್ ಪರೀಕ್ಷಿಸಿ. ವೈರ್ ಸೈಲೆನ್ಸರ್ ಪೈಪ್‌ನಿಂದ ದೂರವಿರಲಿ. ತಿರುವಿನಲ್ಲಿ ಎಳೆಯದಷ್ಟು ಸಡಿಲ ಇರಲಿ, ಆದರೆ ನೆಲಕ್ಕೆ ತಾಗದಿರಲಿ.